ಒಂದೇ ಎಂಜಿನ್, ಬೇರೆ ಬೇರೆ ತಿಜೋರಿ

ಫಾರ್ಮುಲಾ ಒನ್ ರೇಸಿನ ದುಂದುವೆಚ್ಚದ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಈ ಪರಿಹಾರ ಮುಂದಿಡುತ್ತಾರೆ: ಎಲ್ಲ ತಂಡಗಳಿಗೂ ಒಂದೇ ಎಂಜಿನ್ ಕೊಟ್ಟುಬಿಡಿ. ಕೇಳಲು ಎಷ್ಟು ಹಿತವಾಗಿದೆಯೆಂದರೆ, ವಿರೋಧಿಸುವವರು ಒಂದೋ ಶ್ರೀಮಂತ ತಂಡಗಳ ವಕೀಲರು, ಇಲ್ಲವೇ ಎಂಜಿನ್ ಸದ್ದಿಗೆ ಮರುಳಾದವರು ಎನಿಸಿಬಿಡುತ್ತದೆ. ನಾನು ಎರಡೂ ಅಲ್ಲ. ಖರ್ಚು ಇಳಿಯಬೇಕು, ಸಣ್ಣ ತಂಡಗಳು ಬದುಕಬೇಕು ಎನ್ನುವವರ ಪಕ್ಷದಲ್ಲೇ ನಿಂತು, ಈ ಮದ್ದು ಆ ರೋಗಕ್ಕೆ ಹೊಂದುವುದಿಲ್ಲ ಎಂದು ವಾದಿಸಬೇಕೆಂದಿದ್ದೇನೆ.

ಇದು ಬರಿಯ ಕಟ್ಟೆ ಹರಟೆಯಾಗಿ ಉಳಿದಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಒಮ್ಮೆ ಜಾರಿಯ ಹೊಸ್ತಿಲವರೆಗೂ ಹೋಗಿತ್ತು. 2008ರ ಅಕ್ಟೋಬರಿನಲ್ಲಿ, ಜಗತ್ತಿನ ದೊಡ್ಡ ಬ್ಯಾಂಕುಗಳೇ ಅಲ್ಲಾಡುತ್ತಿದ್ದಾಗ, ಮೋಟಾರ್ ಕ್ರೀಡೆಯ ಆಡಳಿತ ಸಂಸ್ಥೆ ಎಫ್‌ಐಎ 2010ರಿಂದ ಎಲ್ಲರಿಗೂ ಒಂದೇ ಎಂಜಿನ್ ಪೂರೈಸಲು ಟೆಂಡರ್ ಕರೆಯಿತು. ಫೆರಾರಿಯ ಆಡಳಿತ ಮಂಡಳಿ ಕೂಡಲೇ ಆತಂಕ ವ್ಯಕ್ತಪಡಿಸಿ, ಹೀಗಾದರೆ ನಾವು ಇಲ್ಲಿ ಇರಬೇಕೋ ಬೇಡವೋ ಎಂದು ಯೋಚಿಸಬೇಕಾಗುತ್ತದೆ ಎಂದಿತು. ಡಿಸೆಂಬರ್ 5ರಂದು ಹೋಂಡಾ ತಾನು ಹೊರಡುತ್ತಿರುವುದಾಗಿ ಸಾರಿತು. ಅದೇ ಹೊತ್ತಿಗೆ ಎಫ್‌ಐಎ ಅಧ್ಯಕ್ಷ ಮ್ಯಾಕ್ಸ್ ಮೋಸ್ಲಿ ತಂಡಗಳಿಗೆ ಪತ್ರ ಬರೆದರು: ಎಂಜಿನ್ ಕೊಡುವುದು ಇಂಗ್ಲೆಂಡಿನ ಕಾಸ್‌ವರ್ತ್, ಗೇರ್‌ಬಾಕ್ಸ್ ವಿಚಾರದಲ್ಲಿ ಜೊತೆಗಿರುವುದು ಎಕ್ಸ್‌ಟ್ರಾಕ್ ಮತ್ತು ರಿಕಾರ್ಡೊ. ನಾಲ್ಕು ತಂಡಗಳು ಒಪ್ಪಿದರೆ ಪ್ರತಿ ತಂಡ ಮೊದಲಿಗೆ 16.8 ಲಕ್ಷ ಪೌಂಡ್, ಆಮೇಲೆ ಮೂರು ವರ್ಷಗಳ ಕಾಲ ವರ್ಷಕ್ಕೆ 54.9 ಲಕ್ಷ ಪೌಂಡ್ ಕಟ್ಟಬೇಕು. ಕೊಳ್ಳುವವರು ಹೆಚ್ಚಾದಷ್ಟೂ ಬೆಲೆ ಕಡಿಮೆ. 30,000 ಕಿಲೋಮೀಟರ್ ಪರೀಕ್ಷಾ ಓಟವೂ ಅದರಲ್ಲೇ ಸೇರಿತ್ತು.

ಆ ಪತ್ರದಲ್ಲಿ ಇನ್ನೆರಡು ದಾರಿಗಳೂ ಇದ್ದವು. ಈಗಿರುವ ಎಂಜಿನ್ನನ್ನೇ ಶಕ್ತಿ ಸಮಗೊಳಿಸಿ ಬಳಸಬಹುದು. ಇಲ್ಲವೇ ಕಾಸ್‌ವರ್ತ್ ನಕ್ಷೆಯನ್ನೇ ಪಡೆದು ನಿಮ್ಮ ಕಾರ್ಖಾನೆಯಲ್ಲಿ ಅಂಥದ್ದೇ ಎಂಜಿನ್ ಕಟ್ಟಿಕೊಳ್ಳಬಹುದು. 1950ರಿಂದ ಒಂದು ವರ್ಷವೂ ತಪ್ಪದೆ ಓಡಿದ ಫೆರಾರಿಯವರು ತಮ್ಮ ತವರಾದ ಮರನೆಲ್ಲೊದಲ್ಲಿ ಕುಳಿತು ಇಂಗ್ಲೆಂಡಿನವರ ನಕ್ಷೆ ಹರಡಿಕೊಂಡು ಎಂಜಿನ್ ಜೋಡಿಸುವ ದೃಶ್ಯವನ್ನು ನೆನೆದರೆ ನನಗೆ ಇವತ್ತಿಗೂ ನಗು ಬರುತ್ತದೆ. ಮೋಸ್ಲಿಗೂ ಬಂದಿರಬಹುದು. ಅವರು ವೃತ್ತಿಯಿಂದ ಬ್ಯಾರಿಸ್ಟರ್. ಎದುರಾಳಿ ಒಪ್ಪಲಾರದ ಷರತ್ತು ಮುಂದಿಟ್ಟು, ತಮಗೆ ಬೇಕಾದ ಷರತ್ತಿಗೆ ಒಪ್ಪಿಸುವ ಕಲೆ ಚೆನ್ನಾಗಿ ಬಲ್ಲವರು.

ರೋಗದ ಬಗ್ಗೆ ಮೋಸ್ಲಿ ಹೇಳಿದ್ದು ಸರಿಯಾಗಿಯೇ ಇತ್ತು. ಇದನ್ನು ಮೊದಲೇ ಒಪ್ಪಿಬಿಡಬೇಕು. ಆಗ ಆರು ಕಾರು ಕಂಪನಿಗಳು ಕಣದಲ್ಲಿದ್ದವು: ಫೆರಾರಿ, ಮರ್ಸಿಡಿಸ್, ಬಿಎಂಡಬ್ಲ್ಯು, ರೆನೊ, ಟೊಯೋಟಾ, ಹೋಂಡಾ. ಕಂಪನಿ ಕ್ರೀಡೆಗೆ ಬರುವುದು ಅದರ ಮಾರಾಟ ವಿಭಾಗ ಹೇಳಿದಾಗ, ಹೋಗುವುದೂ ಅದು ಹೇಳಿದಾಗಲೇ. ಇವರನ್ನು ನಂಬಿ ಕ್ರೀಡೆ ನಡೆಸಬಾರದು ಎಂಬುದು ಮೋಸ್ಲಿಯವರ ವಾದ. ಮರುವರ್ಷ ಜುಲೈನಲ್ಲಿ ಬಿಎಂಡಬ್ಲ್ಯು, ನವೆಂಬರಿನಲ್ಲಿ ಟೊಯೋಟಾ ಹೊರನಡೆದವು. ಒಂದೇ ವರ್ಷದಲ್ಲಿ ಆರರಲ್ಲಿ ಮೂರು ಖಾಲಿ.

ಆದರೆ ಮದ್ದಿನ ವಿಚಾರ ಬೇರೆ. ರೇಸಿಂಗ್ ತಂಡ ಖರ್ಚು ಮಾಡುವುದು ಎಂಜಿನ್ ದುಬಾರಿಯೆಂಬ ಕಾರಣಕ್ಕಲ್ಲ. ಕೈಯಲ್ಲಿ ದುಡ್ಡಿದೆ, ಎದುರಿನವನಿಗಿಂತ ಸೆಕೆಂಡಿನ ಹತ್ತರಲ್ಲೊಂದು ಭಾಗ ಬೇಗ ಹೋಗಬೇಕು ಎಂಬ ಕಾರಣಕ್ಕೆ. ಮದುವೆ ಊಟಕ್ಕೆ ಎಲ್ಲರೂ ಒಂದೇ ಬಗೆಯ ಅಡುಗೆ ಮಾಡಿಸಬೇಕೆಂದು ಊರಿನ ಹಿರಿಯರು ಕಟ್ಟಳೆ ಮಾಡಿದರೆ ಸಾಹುಕಾರನ ದುಡ್ಡು ಉಳಿಯುತ್ತದೆಯೇ? ಛತ್ರ ದೊಡ್ಡದಾಗುತ್ತದೆ, ಹೂವಿನ ಅಲಂಕಾರಕ್ಕೆ ಬೆಂಗಳೂರಿನಿಂದ ಆಳುಗಳು ಬರುತ್ತಾರೆ, ಅಷ್ಟೆ. ಎಂಜಿನ್ನಿಗೆ ಬೀಗ ಹಾಕಿದರೆ ದುಡ್ಡು ವಿಂಡ್ ಟನಲ್ಲಿಗೆ ಹೋಗುತ್ತದೆ, ಸಿಮ್ಯುಲೇಟರಿಗೆ ಹೋಗುತ್ತದೆ, ಕಾರ್ಬನ್ ಫೈಬರಿನ ರೆಕ್ಕೆಯನ್ನು ಪ್ರತಿ ರೇಸಿಗೂ ಹೊಸದಾಗಿ ಕೆತ್ತುವುದಕ್ಕೆ ಹೋಗುತ್ತದೆ.

ಇದು ಊಹೆಯಲ್ಲ, ನಡೆದುಹೋದದ್ದು. 2007ರಿಂದಲೇ ಎಫ್‌ಐಎ 2.4 ಲೀಟರಿನ ವಿ8 ಎಂಜಿನ್ನುಗಳ ಅಭಿವೃದ್ಧಿಯನ್ನು ಸ್ತಂಭಿತಗೊಳಿಸಿತ್ತು. ನಿಮಿಷಕ್ಕೆ 19,000 ಸುತ್ತಿನ ಮಿತಿ, 2009ರಿಂದ 18,000. ಕೆಟ್ಟುಹೋಗುವ ಭಾಗಗಳನ್ನು ಅನುಮತಿ ಪಡೆದು ಸುಧಾರಿಸಬಹುದಿತ್ತು. ಬಾಳಿಕೆಯ ನೆಪದಲ್ಲಿ ಕೆಲವರು ಶಕ್ತಿಯನ್ನೂ ಹೆಚ್ಚಿಸಿಕೊಂಡರು, ರೆನೊ ಹಿಂದುಳಿಯಿತು ಎಂಬ ದೂರು ಎದ್ದು, 2009ಕ್ಕೆ ಮೊದಲು ಅದಕ್ಕೆ ಸರಿಗಟ್ಟಲು ಅವಕಾಶ ಕೊಡಬೇಕಾಯಿತು. ಅಂತೂ ಎಲ್ಲ ಎಂಜಿನ್ನುಗಳೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದವು. ಎಂಜಿನಿಯರುಗಳು ಸುಮ್ಮನೆ ಕುಳಿತರೇ? ಎಂಜಿನ್ ಒಳಗೆ ಕೈಯಾಡಿಸುವಂತಿಲ್ಲವಲ್ಲ, ಅದರಿಂದ ಹೊರಬರುವ ಹೊಗೆಯ ಕಡೆ ನೋಡಿದರು. 2010ರಲ್ಲಿ ರೆಡ್ ಬುಲ್ ಎಕ್ಸಾಸ್ಟಿನ ಬಿಸಿ ಗಾಳಿಯನ್ನು ಕಾರಿನ ಹಿಂಬದಿಯ ತಳದಲ್ಲಿರುವ ಡಿಫ್ಯೂಸರಿನತ್ತ ಹರಿಸಿ, ಕಾರು ನೆಲಕ್ಕೆ ಕಚ್ಚಿಕೊಳ್ಳುವಂತೆ ಮಾಡಿತು. ಮರುವರ್ಷ ಇದು ಇನ್ನೂ ಮುಂದೆ ಹೋಯಿತು. ಚಾಲಕ ತಿರುವಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದರೂ ಎಂಜಿನ್ನು ಗಾಳಿ ಊದುತ್ತಲೇ ಇರುವಂತೆ ಸಾಫ್ಟ್‌ವೇರ್ ಬರೆದರು. ಕಾರು ಓಡಿಸಬೇಕಾದ ಎಂಜಿನ್ನು ಗಾಳಿ ಊದುವ ಪಂಪು ಆಯಿತು. 2011ರ ಜುಲೈನಲ್ಲಿ ಸಿಲ್ವರ್‌ಸ್ಟೋನಿನಲ್ಲಿ ಎಫ್‌ಐಎ ಇದನ್ನು ತಡೆಯಲು ಹೋಗಿ, ರೇಸಿನ ವಾರಾಂತ್ಯದ ನಡುವೆಯೇ ನಿಯಮ ತಿದ್ದಿ ತಿದ್ದಿ ಸುಸ್ತಾಗಿ, ಕೊನೆಗೆ ಆ ತಡೆಯನ್ನೇ ಕೈಬಿಟ್ಟಿತು. 2012ಕ್ಕೆ ಎಕ್ಸಾಸ್ಟ್ ಕೊಳವೆ ಎಲ್ಲಿರಬೇಕೆಂದೇ ನಿಯಮ ಬರೆಯಬೇಕಾಯಿತು. ಇದರಲ್ಲೆಲ್ಲ ಖರ್ಚಾದ ಬುದ್ಧಿಯನ್ನು ಮೆಚ್ಚಬೇಕು. ಆದರೆ ಯಾವುದೂ ಅಗ್ಗದ ಕೆಲಸವಲ್ಲ. ಎಂಜಿನ್ ಸ್ತಂಭಿತವಾಗಿದ್ದ ಆ ಕಾಲದಲ್ಲೇ 2010ರಿಂದ 2013ರವರೆಗೆ ಸತತ ನಾಲ್ಕು ವರ್ಷ ಚಾಲಕರ ಮತ್ತು ತಂಡಗಳ ಎರಡೂ ಪ್ರಶಸ್ತಿಗಳು ರೆಡ್ ಬುಲ್ ಪಾಲಾದವು. 2013ರ ಕೊನೆಯ ಒಂಬತ್ತು ರೇಸುಗಳನ್ನು ಸೆಬಾಸ್ಟಿಯನ್ ವೆಟೆಲ್ ಒಬ್ಬರೇ ಗೆದ್ದರು.

ಸಮಾನ ಎಂಜಿನ್ ಬಂದರೆ ಕನಿಷ್ಠ ಪೈಪೋಟಿಯಾದರೂ ಹತ್ತಿರವಾಗುತ್ತದೆ ಎನ್ನುವವರಿಗೆ ಬೇರೆ ಲೆಕ್ಕ ತೋರಿಸಬೇಕು. 2009ರಲ್ಲಿ ಮರ್ಸಿಡಿಸ್ ಎಂಜಿನ್ ಮೂರು ತಂಡಗಳಲ್ಲಿತ್ತು. ಹೋಂಡಾ ಬಿಟ್ಟುಹೋದ ತಂಡವನ್ನು ಒಂದು ಪೌಂಡಿಗೆ ಕೊಂಡ ರಾಸ್ ಬ್ರಾನ್ ಅವರ ತಂಡ 172 ಅಂಕ ಗಳಿಸಿ ಪ್ರಶಸ್ತಿ ಗೆದ್ದಿತು, ಜೆನ್ಸನ್ ಬಟನ್ ವಿಶ್ವ ಚಾಂಪಿಯನ್ ಆದರು. ಮೆಕ್‌ಲಾರೆನ್‌ಗೆ 71 ಅಂಕ. ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾಕ್ಕೆ 13. ಮರುವರ್ಷ ಕಾಸ್‌ವರ್ತ್ ವಿ8 ನಾಲ್ಕು ತಂಡಗಳಲ್ಲಿತ್ತು: ವಿಲಿಯಮ್ಸ್ ಮತ್ತು ಹೊಸದಾಗಿ ಬಂದ ಲೋಟಸ್, ವರ್ಜಿನ್, ಎಚ್‌ಆರ್‌ಟಿ. ವಿಲಿಯಮ್ಸ್ 69 ಅಂಕ ಪಡೆಯಿತು, ಬ್ರೆಜಿಲಿನಲ್ಲಿ ನಿಕೊ ಹುಲ್ಕೆನ್‌ಬರ್ಗ್ ಎಲ್ಲರಿಗಿಂತ ಮುಂದಿನ ಸ್ಥಾನದಿಂದ ರೇಸು ಶುರುಮಾಡಿದರು. ಹೊಸ ಮೂರು ತಂಡಗಳದ್ದು ಸೊನ್ನೆ, ಸೊನ್ನೆ, ಸೊನ್ನೆ.

ಈ ಮೂರು ತಂಡಗಳ ಕಥೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಮೋಸ್ಲಿಯವರ ಕನಸಿನ ಕೂಸುಗಳು ಇವೇ: ಅಗ್ಗದ ಕಾಸ್‌ವರ್ತ್ ಎಂಜಿನ್ ಇದೆ, ಬಜೆಟ್ ಮಿತಿ ಬರುತ್ತದೆ ಎಂಬ ಮಾತು ನಂಬಿ ಬಂದವರು. ನಾಲ್ಕು ಕೋಟಿ ಪೌಂಡಿನ ಮಿತಿಗೆ 2009ರಲ್ಲಿ ದೊಡ್ಡ ತಂಡಗಳು ಒಪ್ಪದೆ, ಬೇರೆ ಸರಣಿಯನ್ನೇ ಕಟ್ಟುತ್ತೇವೆಂದು ಹೆದರಿಸಿ ಅದನ್ನು ಬೀಳಿಸಿಬಿಟ್ಟವು. ಎಂಜಿನ್ ಉಳಿಯಿತು, ಮಿತಿ ಹೋಯಿತು. 2010ರ ಮಾರ್ಚಿನಲ್ಲಿ ಬಹ್ರೇನಿನಲ್ಲಿ ಎಚ್‌ಆರ್‌ಟಿ ಪರ ಓಡಿದ ನಮ್ಮ ಕರುಣ್ ಚಂದೋಕ್ ತಮ್ಮ ಕಾರನ್ನು ಮೊತ್ತಮೊದಲ ಬಾರಿಗೆ ಓಡಿಸಿದ್ದು ಅರ್ಹತಾ ಸುತ್ತಿನಲ್ಲಿ. ಅದಕ್ಕೆ ಮೊದಲು ಪರೀಕ್ಷೆಯೂ ಇಲ್ಲ, ಅಭ್ಯಾಸವೂ ಇಲ್ಲ. ಕಾರಿನ ಜೋಡಣೆಯೇ ಮುಗಿದಿರಲಿಲ್ಲ. ಎಚ್‌ಆರ್‌ಟಿ 2012ರ ಕೊನೆಗೆ ಬಾಗಿಲು ಹಾಕಿತು. ಉಳಿದೆರಡು ಹೆಸರು ಬದಲಿಸಿಕೊಂಡು, ಮಾರುಸ್ಸಿಯಾ ಮತ್ತು ಕೇಟರ್‌ಹ್ಯಾಮ್ ಆಗಿ, 2014ರ ಅಕ್ಟೋಬರಿನಲ್ಲಿ ದಿವಾಳಿ ಆಡಳಿತಾಧಿಕಾರಿಗಳ ಕೈಗೆ ಹೋದವು. ಅಗ್ಗದ ಎಂಜಿನ್ ಬದುಕಿಸಬಹುದಾಗಿದ್ದರೆ ಇವರನ್ನು ಬದುಕಿಸಬೇಕಿತ್ತು.

ಅಮೆರಿಕದ ಇಂಡಿಕಾರ್ ಸರಣಿ ಇನ್ನೂ ಶುದ್ಧವಾದ ಪ್ರಯೋಗ. 2006ರಿಂದ 2011ರವರೆಗೆ ಅಲ್ಲಿ ಎಲ್ಲರಿಗೂ ಹೋಂಡಾ ಎಂಜಿನ್. ಚಾಸಿಯೂ ಬಹುಪಾಲು ಒಂದೇ, ಇಟಲಿಯ ದಲ್ಲಾರಾದ್ದು. ಆ ಆರು ವರ್ಷಗಳ ಚಾಂಪಿಯನ್ನರು ಬಂದ ತಂಡಗಳು ಪೆನ್ಸ್‌ಕಿ, ಆಂಡ್ರೆಟ್ಟಿ ಗ್ರೀನ್, ಮತ್ತು ಕೊನೆಯ ನಾಲ್ಕು ವರ್ಷ ಸತತವಾಗಿ ಗನಾಸಿ. ಮೂರೂ ಆ ಸರಣಿಯ ಅತಿ ಶ್ರೀಮಂತ ತಂಡಗಳು. ಎಂಜಿನ್ ಒಂದೇ ಆದಾಗ ಗೆಲುವು ಸಣ್ಣಪುಟ್ಟ ಕೆಲಸಗಳನ್ನು ಅತ್ಯಂತ ಚೊಕ್ಕವಾಗಿ ಮಾಡುವವನಿಗೆ ಸಿಗುತ್ತದೆ: ಆಘಾತ ತಡೆಯುವ ಡ್ಯಾಂಪರಿನ ಹೊಂದಾಣಿಕೆ, ಚಕ್ರ ಬದಲಿಸುವ ಕೈಚಳಕ, ಉತ್ತಮ ಎಂಜಿನಿಯರಿನ ಸಂಬಳ. ಇವೆಲ್ಲಕ್ಕೂ ದುಡ್ಡು ಬೇಕು.

ಇಲ್ಲಿ ಎದುರುವಾದ ಮಾಡುವವರು ಡಿಎಫ್‌ವಿಯನ್ನು ಮುಂದೆ ತರುತ್ತಾರೆ, ತರಲೇಬೇಕು. ಫೋರ್ಡ್ ಕೊಟ್ಟ ಒಂದು ಲಕ್ಷ ಪೌಂಡಿನಲ್ಲಿ ಕಾಸ್‌ವರ್ತ್‌ನ ಕೀತ್ ಡಕ್‌ವರ್ತ್ ಕಟ್ಟಿದ ಈ ಮೂರು ಲೀಟರಿನ ವಿ8 ಎಂಜಿನ್ 1967ರ ಜೂನ್ 4ರಂದು ಹಾಲೆಂಡಿನ ಜಾಂಡ್‌ವೂರ್ಟಿನಲ್ಲಿ ಜಿಮ್ ಕ್ಲಾರ್ಕ್ ಅವರ ಲೋಟಸ್ ಕಾರಿನಲ್ಲಿ ಮೊದಲ ಬಾರಿ ಓಡಿತು, ಓಡಿದ ದಿನವೇ ಗೆದ್ದಿತು. ಮರುವರ್ಷ ಇತರರಿಗೂ ಸಿಗತೊಡಗಿತು. ಬೆಲೆ ಏಳೂವರೆ ಸಾವಿರ ಪೌಂಡ್. ಒಂದು ಶೆಡ್ಡು, ನಾಲ್ಕು ಮೆಕ್ಯಾನಿಕ್ಕುಗಳು, ಒಂದು ಡಿಎಫ್‌ವಿ, ಒಂದು ಹ್ಯೂಲೆಂಡ್ ಗೇರ್‌ಬಾಕ್ಸ್ ಇದ್ದರೆ ವಿಶ್ವ ಚಾಂಪಿಯನ್‌ಶಿಪ್ಪಿಗೆ ಹೆಸರು ಕೊಡಬಹುದಾಗಿದ್ದ ಕಾಲ. ವಿಲಿಯಮ್ಸ್‌ನಂಥ ತಂಡ ಮೇಲೆದ್ದದ್ದು ಹಾಗೆಯೇ. ಹದಿನಾರು ವರ್ಷಗಳಲ್ಲಿ 155 ಗೆಲುವು, ಹನ್ನೆರಡು ಚಾಲಕ ಪ್ರಶಸ್ತಿ. ಎಲ್ಲರಿಗೂ ಒಂದೇ ಎಂಜಿನ್ ಇದ್ದ ಸುವರ್ಣಯುಗ ಅದಲ್ಲವೇ?

ಅಲ್ಲ ಎನ್ನುವುದು ನನ್ನ ವಿನಮ್ರ ಉತ್ತರ. ಡಿಎಫ್‌ವಿ ಯಾರ ಮೇಲೂ ಹೇರಿದ ಎಂಜಿನ್ನಲ್ಲ. ಚೆನ್ನಾಗಿತ್ತು, ಕೈಗೆಟುಕುವ ಬೆಲೆಗೆ ಸಿಗುತ್ತಿತ್ತು, ಜನ ಕೊಂಡರು. ಅದನ್ನು ಸೋಲಿಸುವ ಬಾಗಿಲು ಸದಾ ತೆರೆದಿತ್ತು; ಫೆರಾರಿ ತನ್ನ ಹನ್ನೆರಡು ಸಿಲಿಂಡರಿನ ಎಂಜಿನ್ನಿನಿಂದ 1975, 1977 ಮತ್ತು 1979ರಲ್ಲಿ ಸೋಲಿಸಿ ತೋರಿಸಿತು, ರೆನೊ ಟರ್ಬೊ ತಂದು ಕೊನೆಗೆ ಆ ಯುಗವನ್ನೇ ಮುಗಿಸಿತು. ಇನ್ನು ಸಮಾನತೆಯ ಮಾತು. 1969ರಲ್ಲಿ ವಿಶ್ವ ಚಾಂಪಿಯನ್‌ಶಿಪ್ಪಿನ ಹನ್ನೊಂದೂ ರೇಸುಗಳನ್ನು ಡಿಎಫ್‌ವಿ ಗೆದ್ದಿತು. ಅದರಲ್ಲಿ ಆರನ್ನು ಜಾಕಿ ಸ್ಟುವರ್ಟ್ ಒಬ್ಬರೇ ಗೆದ್ದರು. ಎಂಜಿನ್ ಒಂದೇ ಎಂದಾದ ಕೂಡಲೇ ಜಾಣರೆಲ್ಲ ಗಾಳಿಯ ಕಡೆ ತಿರುಗಿದ್ದೂ ಆ ಕಾಲದಲ್ಲೇ: 1968ರಲ್ಲಿ ರೆಕ್ಕೆಗಳು ಬಂದವು, 1978ರಲ್ಲಿ ಕಾರಿನ ತಳವನ್ನೇ ತಲೆಕೆಳಗಾದ ರೆಕ್ಕೆಯಾಗಿ ಮಾಡಿಕೊಂಡ ಲೋಟಸ್ 79, ಅದೇ ಡಿಎಫ್‌ವಿ ಹೊತ್ತ ಉಳಿದವರನ್ನೆಲ್ಲ ಹಿಂದೆ ಹಾಕಿತು.

ಸಣ್ಣ ತಂಡಗಳನ್ನು ಉಳಿಸಿದ್ದು ಡಿಎಫ್‌ವಿಯ ಬೆಲೆಪಟ್ಟಿ. ಎಲ್ಲರ ಬಳಿಯೂ ಅದೇ ಇತ್ತು ಎಂಬುದು ಆ ಬೆಲೆಯ ಪರಿಣಾಮವೇ ಹೊರತು ಕಾರಣವಲ್ಲ. ಈ ಎರಡನ್ನೂ ಬೆರೆಸಿಬಿಡುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ ಎಂದು ನನಗನ್ನಿಸುತ್ತದೆ.

2008ರ ಡಿಸೆಂಬರಿಗೇ ಮರಳಿ ಹೋದರೆ ಇದು ಸ್ಪಷ್ಟವಾಗುತ್ತದೆ. ಕಾಸ್‌ವರ್ತ್ ಪತ್ರ ಹೋದ ಒಂದು ವಾರದೊಳಗೆ, ಡಿಸೆಂಬರ್ 12ರಂದು, ಎಫ್‌ಐಎ ಮತ್ತು ತಂಡಗಳ ಒಕ್ಕೂಟದ ನಡುವಣ ಒಪ್ಪಂದ ಪ್ರಕಟವಾಯಿತು. 2010ರಿಂದ ಸ್ವತಂತ್ರ ತಂಡಗಳಿಗೆ ವರ್ಷಕ್ಕೆ 50 ಲಕ್ಷ ಯೂರೊಗೂ ಕಡಿಮೆ ಬೆಲೆಗೆ ಎಂಜಿನ್ ಸಿಗಬೇಕು, ಪೂರೈಕೆ ನಿಲ್ಲುವುದಿಲ್ಲ ಎಂಬ ಖಾತರಿ ಇರಬೇಕು. ಸಮಾನ ಎಂಜಿನ್ ಪ್ರಸ್ತಾಪ ಅಲ್ಲಿಗೆ ಮರೆಯಾಯಿತು. ಎಲ್ಲರಿಗೂ ಒಂದೇ ಎಂಬ ನಿಯಮದಡಿ ಟ್ರ್ಯಾಕಿನ ಮೇಲೆ ಒಂದು ಸುತ್ತೂ ಓಡದ ಆ ಎಂಜಿನ್, ಬೆದರಿಕೆಯಾಗಿ ಮಾತ್ರ ಚೆನ್ನಾಗಿ ಕೆಲಸ ಮಾಡಿತು. ಬೆದರಿಕೆಯಾಗಿ ಅದಕ್ಕೆ ನನ್ನದೂ ಒಂದು ಸಲಾಮು.

ಬೆಲೆಯ ಮಾತನ್ನು ಮರೆತಾಗ ಏನಾಗುತ್ತದೆಂಬುದೂ ಗೊತ್ತಾಯಿತು. 2014ರಲ್ಲಿ 1.6 ಲೀಟರಿನ ಹೈಬ್ರಿಡ್ ಟರ್ಬೊ ಎಂಜಿನ್ನುಗಳು ಬಂದಾಗ ತಂತ್ರಜ್ಞಾನವನ್ನು ಇಂಚಿಂಚಾಗಿ ನಿಯಮದಲ್ಲಿ ಬರೆದರು; ಕೊಳ್ಳುವವನ ಬಿಲ್ಲಿಗೆ ಮಾತ್ರ ಮಿತಿ ಬರೆಯಲಿಲ್ಲ. ವರ್ಷದ ಬಿಲ್ಲು ಎರಡು ಕೋಟಿ ಯೂರೊ ಆಸುಪಾಸಿಗೆ ಏರಿತೆಂದು ಆಗ ವ್ಯಾಪಕವಾಗಿ ವರದಿಯಾಯಿತು. 2015ರಲ್ಲಿ ಎಫ್‌ಐಎ ಬೆಲೆ ಮಿತಿ ತರಲು ಹೊರಟಾಗ ತನ್ನ ವಿಶೇಷ ವೀಟೊ ಅಧಿಕಾರ ಬಳಸಿ ತಡೆದದ್ದು ಇದೇ ಫೆರಾರಿ. ಹಿಂದೆ ಸಮಾನ ಎಂಜಿನ್ನಿಗೆ ಪ್ರತಿಷ್ಠೆಯ ಕಾರಣ ಕೊಟ್ಟು ಸಿಟ್ಟಾಗಿತ್ತು; ಈ ಸಲ ಪ್ರತಿಷ್ಠೆಯ ಮಾತಿಲ್ಲ, ವ್ಯಾಪಾರದ ಹಕ್ಕಿನ ಮಾತು. ಪೆಟ್ಟು ಎಲ್ಲಿ ಬೀಳುತ್ತದೆಂಬುದು ಇದರಿಂದಲೇ ತಿಳಿಯುತ್ತದಲ್ಲ.

ಬೆಂಗಳೂರಿನ ಉದ್ಯಮಿ ಮಲ್ಯ ಅವರ ಫೋರ್ಸ್ ಇಂಡಿಯಾದ ಬದುಕನ್ನೇ ನೋಡಿ. 2008ರಲ್ಲಿ ಫೆರಾರಿ ಎಂಜಿನ್ನಿನೊಂದಿಗೆ ಒಂದು ಅಂಕವೂ ಇಲ್ಲ. ಆ ನವೆಂಬರಿನಲ್ಲಿ, ಸಮಾನ ಎಂಜಿನ್ನಿನ ಗದ್ದಲದ ನಡುವೆಯೇ, ಮರ್ಸಿಡಿಸ್ ಎಂಜಿನ್ನು ಮತ್ತು ಮೆಕ್‌ಲಾರೆನ್ ಗೇರ್‌ಬಾಕ್ಸನ್ನು ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಮರುವರ್ಷ ಬೆಲ್ಜಿಯಮ್ಮಿನ ಸ್ಪಾದಲ್ಲಿ ಜಿಯಾಂಕಾರ್ಲೊ ಫಿಸಿಕೆಲ್ಲ ಎಲ್ಲರಿಗಿಂತ ಮುಂದಿನ ಪೋಲ್ ಸ್ಥಾನ ಗಿಟ್ಟಿಸಿ, ಒಂದು ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಎರಡನೆಯವರಾದರು. 2016 ಮತ್ತು 2017ರಲ್ಲಿ ಈ ತಂಡ ನಾಲ್ಕನೆಯ ಸ್ಥಾನ ಪಡೆಯಿತು, ತನಗಿಂತ ಎಷ್ಟೋ ಪಾಲು ಹೆಚ್ಚು ಖರ್ಚು ಮಾಡುವವರನ್ನು ಹಿಂದೆ ಹಾಕಿ. ಒಳ್ಳೆಯ ಎಂಜಿನ್ನು ಇತ್ತು, ಒಳ್ಳೆಯ ಚಾಲಕರು ಇದ್ದರು. ಆದರೂ 2018ರ ಜುಲೈನಲ್ಲಿ ದಿವಾಳಿಯ ಅಂಚಿಗೆ ಬಂದು ಕೈ ಬದಲಾಯಿಸಿತು. ಮಾಲೀಕರ ಸ್ವಂತ ಸಂಕಷ್ಟ ಎಲ್ಲರಿಗೂ ಗೊತ್ತಿರುವುದೇ. ಅದರ ಪಾಲೂ ಇದೆ. ಆದರೆ ಇದೇ ತಂಡ ಸೌಬರ್ ಜೊತೆ ಸೇರಿ 2015ರಲ್ಲಿ ಯುರೋಪಿಯನ್ ಆಯೋಗಕ್ಕೆ ದೂರು ಕೊಟ್ಟಿತ್ತು ಎಂಬುದನ್ನು ಮರೆಯಬಾರದು. ದೂರು ಎಂಜಿನ್ ಬಗ್ಗೆ ಅಲ್ಲ, ಆದಾಯ ಹಂಚಿಕೆಯ ಬಗ್ಗೆ. ಟಿವಿ ಮತ್ತು ಆತಿಥ್ಯ ಶುಲ್ಕದಿಂದ ಬಂದ ಹಣದಲ್ಲಿ ಕೆಲವೇ ದೊಡ್ಡ ತಂಡಗಳಿಗೆ, ಅವು ಟ್ರ್ಯಾಕಿನಲ್ಲಿ ಗೆದ್ದರೂ ಸೋತರೂ, ವಿಶೇಷ ಮೊತ್ತ ಸಿಗುತ್ತಿತ್ತು. ಹಣ ಒಳಗೆ ಬರುವ ಕಾಲುವೆಯನ್ನು ಮುಟ್ಟುವ ಧೈರ್ಯ ಆಳುವವರಿಗೆ ಇರಲಿಲ್ಲ. ಎಂಜಿನ್ನಿಗಾದರೆ ಬಾಯಿಲ್ಲ, ಅದನ್ನು ಮುಟ್ಟಲು ಹೊರಟರು.

ಒಂದೇ ಪೂರೈಕೆದಾರ ಎಂಬ ನಿಯಮ ಎಲ್ಲೂ ಬೇಡ ಎಂದು ನಾನು ಹೇಳುತ್ತಿಲ್ಲ. 2007ರಿಂದ ಟೈರುಗಳನ್ನು ಬ್ರಿಜ್‌ಸ್ಟೋನ್ ಒಂದೇ ಕೊಡತೊಡಗಿದಾಗ, ಮಿಶೆಲಿನ್ ಜೊತೆಗಿನ ಯುದ್ಧಕ್ಕಾಗಿ ನಡೆಯುತ್ತಿದ್ದ ಕೊನೆಯಿಲ್ಲದ ಟೈರು ಪರೀಕ್ಷೆಗಳು ನಿಂತವು, ಹಣ ನಿಜವಾಗಿಯೂ ಉಳಿಯಿತು. 2008ರಿಂದ ಎಲ್ಲರಿಗೂ ಒಂದೇ ಎಲೆಕ್ಟ್ರಾನಿಕ್ ನಿಯಂತ್ರಣ ಪೆಟ್ಟಿಗೆ ಬಂದಾಗ ಚಕ್ರ ಜಾರದಂತೆ ತಡೆಯುವ ಸಾಫ್ಟ್‌ವೇರುಗಳಿಗೆ ಕಡಿವಾಣ ಬಿತ್ತು. ಚಾಲಕರನ್ನು ಆರಿಸುವ ಕೆಳಹಂತದ ಸರಣಿಗಳಲ್ಲಂತೂ ಒಂದೇ ಎಂಜಿನ್ ಇರಲೇಬೇಕು. ಕೊಯಮತ್ತೂರಿನ ಕರಿ ಟ್ರ್ಯಾಕಿನಲ್ಲಿ ಎಲ್‌ಜಿಬಿ ಫಾರ್ಮುಲಾ 4 ಓಡಿಸುವ ಹುಡುಗ ಹುಡುಗಿಯರಿಗೆಲ್ಲ ಒಂದೇ ಬಗೆಯ ಮಾರುತಿ ಎಂಜಿನ್. ಅಪ್ಪ ಹೆಚ್ಚು ದುಡ್ಡು ಕೊಟ್ಟು ವೇಗ ಕೊಳ್ಳುವಂತಿಲ್ಲ. ಅಲ್ಲಿ ಪರೀಕ್ಷೆ ಚಾಲಕರಿಗೆ. ಫಾರ್ಮುಲಾ ಒನ್ನಿನಲ್ಲಿ ಪರೀಕ್ಷೆ ಕಾರು ಕಟ್ಟುವವರಿಗೂ ಇದೆ.

ಕೊನೆಗೂ ಖರ್ಚು ಇಳಿಸಿದ್ದು ಬಹಳ ಒಣ ಸ್ವಭಾವದ, ಯಾರೂ ಹಾಡಿ ಹೊಗಳದ ಒಂದು ನಿಯಮ: ಒಟ್ಟು ಮೊತ್ತಕ್ಕೆ ಮಿತಿ. 2021ರಲ್ಲಿ ತಂಡವೊಂದಕ್ಕೆ 14.5 ಕೋಟಿ ಡಾಲರ್, ಆಮೇಲೆ 14, ಆಮೇಲೆ 13.5. ಚಾಲಕರ ಸಂಬಳ, ಅತಿ ಹೆಚ್ಚು ಸಂಬಳದ ಮೂವರು ಅಧಿಕಾರಿಗಳು, ಜಾಹೀರಾತು ಖರ್ಚು ಇದರ ಹೊರಗೆ. 2023ರಿಂದ ಎಂಜಿನ್ ತಯಾರಕರಿಗೂ ಬೇರೆ ಮಿತಿ ಬಂತು, ಮೊದಲಿಗೆ ವರ್ಷಕ್ಕೆ 9.5 ಕೋಟಿ ಡಾಲರ್. ತಂಡಗಳ ಮಿತಿಯ ಮೊದಲ ವರ್ಷವಾದ 2021ರಲ್ಲೇ ರೆಡ್ ಬುಲ್ ಅದನ್ನು ಮೀರಿ ಸಿಕ್ಕಿಬಿದ್ದು 70 ಲಕ್ಷ ಡಾಲರ್ ದಂಡ ಕಟ್ಟಿ, ಏರೋಡೈನಮಿಕ್ಸ್ ಪರೀಕ್ಷೆಯಲ್ಲಿ ಹತ್ತು ಪ್ರತಿಶತ ಕಳೆದುಕೊಂಡಿತು. ದಂಡ ಸಾಲದು ಎಂದು ಕೆಲವರು ಗೊಣಗಿದರು, ನಾನೂ ಗೊಣಗಿದೆ. ಆದರೆ ಫಲ ತಂಡಗಳ ಬೆಲೆಯಲ್ಲೇ ಕಾಣುತ್ತದೆ: 2009ರಲ್ಲಿ ಒಂದು ಪೌಂಡಿಗೆ ತಂಡ ಸಿಗುತ್ತಿತ್ತು. 2020ರಲ್ಲಿ ವಿಲಿಯಮ್ಸ್ 15.2 ಕೋಟಿ ಯೂರೊಗೆ ಮಾರಾಟವಾಯಿತು. 2023ರಲ್ಲಿ ಆಲ್ಪೀನ್ ತಂಡದ 24 ಪ್ರತಿಶತಕ್ಕೇ 20 ಕೋಟಿ ಯೂರೊ ಬಂತು. ಈ ಅವಧಿಯಲ್ಲಿ ಎಂಜಿನ್ನುಗಳು ಬೇರೆ ಬೇರೆಯಾಗಿಯೇ ಇದ್ದವು. ಮೆಕ್‌ಲಾರೆನ್ ಮರ್ಸಿಡಿಸ್‌ನಿಂದ ಎಂಜಿನ್ ಕೊಂಡು, 2024 ಮತ್ತು 2025ರಲ್ಲಿ ಮರ್ಸಿಡಿಸನ್ನೇ ಸೋಲಿಸಿ ತಂಡಗಳ ಪ್ರಶಸ್ತಿ ಎತ್ತಿತು.

ನನ್ನ ವಾದಕ್ಕೂ ಒಂದು ಮುಳ್ಳಿದೆ. ಕೊಳ್ಳುವ ಬೆಲೆಗೆ ಮಿತಿಯಿದ್ದರೆ, ಸ್ವಂತ ಎಂಜಿನ್ ಕಟ್ಟುವುದಕ್ಕಿಂತ ಕೊಳ್ಳುವುದೇ ಎಷ್ಟೋ ಪಾಲು ಅಗ್ಗವಾಗುತ್ತದೆ. ಹಾಗಾದ ಮೇಲೆ ಲೆಕ್ಕ ಬಲ್ಲವರು ಕಟ್ಟುವುದನ್ನೇ ಬಿಡುತ್ತಾರೆ. 1977ರಲ್ಲಿ ಟರ್ಬೊ ತಂದ ರೆನೊ 2025ರ ಕೊನೆಗೆ ತನ್ನ ಎಂಜಿನ್ ಕಾರ್ಖಾನೆಯಿದ್ದ ವಿರಿ ಶಾತಿಯೋನ್‌ನಲ್ಲಿ ಫಾರ್ಮುಲಾ ಒನ್ ಎಂಜಿನ್ ತಯಾರಿಕೆ ನಿಲ್ಲಿಸಿದ್ದು, ಅದರ ಆಲ್ಪೀನ್ ತಂಡ ಮರ್ಸಿಡಿಸ್ ಗಿರಾಕಿಯಾದದ್ದು ಈ ಲೆಕ್ಕದಿಂದಲೇ. 2026ರಲ್ಲಿ ಹನ್ನೊಂದು ತಂಡಗಳಲ್ಲಿ ನಾಲ್ಕರ ಬೆನ್ನಿಗೆ ಮರ್ಸಿಡಿಸ್ ಎಂಜಿನ್, ಯಾವ ಟೆಂಡರೂ ಕರೆಯದೆ. ಎಫ್‌ಐಎ ಅಧ್ಯಕ್ಷ ಮೊಹಮ್ಮದ್ ಬಿನ್ ಸುಲಾಯೆಮ್ 2025ರಲ್ಲಿ ಖರ್ಚಿನ ಕಾರಣವನ್ನೂ ಮುಂದಿಟ್ಟು ಹಳೆಯ ವಿ10, ವಿ8ಗಳ ಮಾತೆತ್ತಿದ್ದಾರೆ. ಸದ್ದು ಚೆನ್ನಾಗಿರುತ್ತದೆ, ಸಂಶಯವಿಲ್ಲ. ಆದರೆ ಆ ಎಂಜಿನ್ನನ್ನು ಕೊಳ್ಳುವವನು ವರ್ಷಕ್ಕೆ ಎಷ್ಟು ಕಟ್ಟಬೇಕು, ಕಟ್ಟುವವನಿಗೆ ಅದರಲ್ಲಿ ಏನು ಉಳಿಯಬೇಕು ಎಂಬ ಎರಡು ಅಂಕಿಗಳನ್ನು ಸಿಲಿಂಡರ್ ಎಣಿಸುವ ಮೊದಲೇ ಕೇಳುವುದು ಒಳ್ಳೆಯದು. ಆಡಿ ಇದೀಗ ಸ್ವಂತ ಎಂಜಿನ್ನಿನೊಂದಿಗೆ ಬಂದಿದೆ. ಹೊಸ ತಂಡ ಕ್ಯಾಡಿಲಾಕ್‌ನ ಹಿಂದಿರುವ ಜನರಲ್ ಮೋಟರ್ಸ್ 2029ರಿಂದ ಸ್ವಂತ ಎಂಜಿನ್ ಪೂರೈಸಲು ಒಪ್ಪಿಗೆ ಪಡೆದಿದೆ. ಅಲ್ಲಿಯವರೆಗೆ ಅದು ಫೆರಾರಿ ಎಂಜಿನ್ನನ್ನೇ ಕೊಂಡು ಓಡುತ್ತದೆ.